ಮ್ಯೂಸಿಯಂ ಊಟದ ಪಂಕ್ತಿ

ಮ್ಯೂಸಿಯಂ ನೋಡಲು ಬರುವವರಿಗೆ ಕಣ್ಣಿನ ಜೊತೆಗೆ ಹೊಟ್ಟೆಯೂ ಇರುತ್ತದೆ. ಇಷ್ಟು ಸಣ್ಣ ಸಂಗತಿಯನ್ನು ದೊಡ್ಡ ಸಂಸ್ಥೆಯೊಂದರ ನಕಾಶೆಯೊಳಗೆ ತಂದು ಕೂರಿಸಲು ಒಬ್ಬ ಹಟಮಾರಿ ಅಧಿಕಾರಿಯೇ ಬೇಕಾಯಿತು. ಆತನ ಹೆಸರು ಹೆನ್ರಿ ಕೋಲ್. 1857ರಲ್ಲಿ ಲಂಡನ್ನಿನ ಸೌತ್ ಕೆನ್ಸಿಂಗ್ಟನ್‌ನಲ್ಲಿ ಬಾಗಿಲು ತೆರೆದ ಮ್ಯೂಸಿಯಂಗೆ ಆತ ಮೊದಲ ನಿರ್ದೇಶಕ. ಈಗ ಅದನ್ನು ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ, ಚುಟುಕಾಗಿ ವಿ ಅಂಡ್ ಎ ಎನ್ನುತ್ತಾರೆ. ಮ್ಯೂಸಿಯಂ ಒಳಗಿನ ಊಟದ ಕೋಣೆ ಎಂಬ ಪದ್ಧತಿ ಲೋಕದಲ್ಲಿ ಮೊದಲು ಶುರುವಾದದ್ದು ಅಲ್ಲೇ ಎಂಬ ಹೆಗ್ಗಳಿಕೆಯೂ ಅದಕ್ಕಿದೆ.

ಕೋಲ್‌ಗೆ ಈ ಬುದ್ಧಿ ಬಂದದ್ದು ಅನುಭವದಿಂದ. ಲಂಡನ್ನಿನ ಹೈಡ್ ಪಾರ್ಕಿನಲ್ಲಿ 1851ರಲ್ಲಿ ನಡೆದ ಮಹಾ ಪ್ರದರ್ಶನದ ಹಿಂದೆ ರಾಣಿಯ ಗಂಡ ಆಲ್ಬರ್ಟ್ ಜೊತೆಗೆ ಓಡಾಡಿದವರಲ್ಲಿ ಆತನೂ ಒಬ್ಬ. ಪ್ರದರ್ಶನಕ್ಕೆಂದೇ ಕಟ್ಟಿದ ಗಾಜಿನ ಅರಮನೆಯೊಳಗೆ ಐದೂವರೆ ತಿಂಗಳಲ್ಲಿ 60 ಲಕ್ಷ ಭೇಟಿಗಳು. ಮದ್ಯ ಮಾರುವಂತಿರಲಿಲ್ಲ. ತಿಂಡಿ ಪಾನೀಯದ ಗುತ್ತಿಗೆಯನ್ನು 5,500 ಪೌಂಡ್ ಕೊಟ್ಟು ಶ್ವೆಪ್ಸ್ ಕಂಪನಿ ಹಿಡಿಯಿತು; ಸೋಡಾ, ಲೆಮನೇಡ್, ಜಿಂಜರ್ ಬಿಯರ್ ಸೇರಿ ಹತ್ತು ಲಕ್ಷಕ್ಕೂ ಹೆಚ್ಚು ಬಾಟಲಿ ಖರ್ಚಾದವು. ಬನ್ನುಗಳ ಲೆಕ್ಕವೂ ಲಕ್ಷಗಳಲ್ಲೇ. ಒಂದು ಪೆನ್ನಿ ಕೊಟ್ಟು ಹೋಗುವ ಸಾರ್ವಜನಿಕ ಶೌಚಾಲಯಗಳಿಗೂ ಜನ ಮುಗಿಬಿದ್ದರು. ಇಡೀ ಪ್ರದರ್ಶನದಿಂದ ಉಳಿದ 1,86,000 ಪೌಂಡ್ ಲಾಭದಲ್ಲಿ ಸೌತ್ ಕೆನ್ಸಿಂಗ್ಟನ್‌ನ ಜಾಗ ಕೊಂಡರು. ಹೀಗೆ ನೋಡಿದರೆ ಇಂದಿನ ಮ್ಯೂಸಿಯಂನ ತಳಪಾಯದಲ್ಲಿ ಒಂದಷ್ಟು ಬನ್ನಿನ ಚೂರುಗಳೂ ಇವೆ.

ಕೋಲ್ ಲೆಕ್ಕಾಚಾರ ಹೀಗಿತ್ತು. ದುಡಿಯುವವನು ಹಗಲಲ್ಲಿ ಬರಲಾರ. ಆದ್ದರಿಂದ ಗ್ಯಾಸ್ ದೀಪ ಹಚ್ಚಿ ಸಂಜೆಯೂ ತೆರೆದಿಡಬೇಕು. ವಾರದಲ್ಲಿ ಮೂರು ದಿನ ಉಚಿತ ಪ್ರವೇಶ, ಇನ್ನು ಮೂರು ದಿನ ಆರು ಪೆನ್ನಿ. ಬಂದವನು ಹೆಂಡತಿ ಮಕ್ಕಳನ್ನೂ ಕರೆತರುತ್ತಾನೆ, ಮಕ್ಕಳಿಗೆ ಹಸಿವಾಗುತ್ತದೆ, ಹಸಿವಾದರೆ ಮನೆಗೆ ಹೊರಡುತ್ತಾರೆ, ದಾರಿಯಲ್ಲಿ ಜಿನ್ ಅಂಗಡಿ ಸಿಗುತ್ತದೆ. ಆ ಅಂಗಡಿಗಿಂತ ಝಗಮಗಿಸುವ ಜಾಗವೊಂದನ್ನು ಸರ್ಕಾರವೇ ಕಟ್ಟಿ, ಅಲ್ಲೇ ಊಟವನ್ನೂ ಇಟ್ಟರೆ ಹೇಗೆ? ಉಪದೇಶಕ್ಕಿಂತ ದೀಪ ಮತ್ತು ಬಿಸಿ ಸಾರು ಹೆಚ್ಚು ಕೆಲಸ ಮಾಡುತ್ತವೆ ಎಂದು ನಂಬಿದ್ದವನು ಆತ. ಬಡವರನ್ನು ತಿದ್ದುವ ಹುಕಿಯೂ ಅದರಲ್ಲಿ ಬೆರೆತಿತ್ತು ಎನ್ನುವುದನ್ನು ಮರೆಯಬೇಕಿಲ್ಲ. ಆದರೂ ಬಡವನ ಹಸಿವನ್ನು ಲೆಕ್ಕಕ್ಕೆ ತೆಗೆದುಕೊಂಡು ತಿದ್ದಲು ಹೊರಟವರು ಎಷ್ಟು ಮಂದಿ?

ಆರಂಭದಲ್ಲಿದ್ದದ್ದು ಒಂದು ಸಾಧಾರಣ ಉಪಾಹಾರ ಗೃಹ. 1860ರ ದಶಕದ ನಡುವೆ ಕೋಲ್ ದೊಡ್ಡ ಯೋಜನೆಗೆ ಕೈಹಾಕಿದ. ಆಗಿನ ಮುಖ್ಯದ್ವಾರದಿಂದ ನೇರ ಒಳಬಂದವರಿಗೆ ಮೊದಲು ಎದುರಾಗುವುದೇ ಊಟದ ಕೋಣೆ, ಅಕ್ಕಪಕ್ಕದಲ್ಲಿ ಇನ್ನೆರಡು. ಮೂರನ್ನೂ ಒಬ್ಬನೇ ಕಲಾವಿದನಿಗೆ ಒಪ್ಪಿಸದೆ, ಒಂದೊಂದನ್ನು ಒಂದೊಂದು ಕೈಗೆ ಕೊಟ್ಟ. ಇಂದಿಗೂ ಅಲ್ಲಿ ಟ್ರೇ ಹಿಡಿದು ಕೂರಲು ಜಾಗ ಹುಡುಕುವವರು ಈ ಮೂರು ಸ್ವಭಾವಗಳ ನಡುವೆ ಆಯ್ಕೆ ಮಾಡಬೇಕಾಗುತ್ತದೆ.

ನಡುವಿನದು ಗ್ಯಾಂಬಲ್ ಕೋಣೆ. ಗಾಡ್‌ಫ್ರೀ ಸೈಕ್ಸ್ ಇದರ ವಿನ್ಯಾಸ ಆರಂಭಿಸಿದ; 1866ರಲ್ಲಿ ಆತ ತೀರಿಕೊಂಡ ಮೇಲೆ ಸಹಾಯಕ ಜೇಮ್ಸ್ ಗ್ಯಾಂಬಲ್ ಮುಂದುವರಿಸಿದ. ಗೋಡೆ, ಕಂಬ ಎಲ್ಲವೂ ಮಿಂಟನ್ ಕಾರ್ಖಾನೆಯ ಮೆರುಗಿನ ಪಿಂಗಾಣಿ. ಚಾವಣಿ ಎನಾಮಲ್ ಬಳಿದ ಕಬ್ಬಿಣದ ತಗಡು. ಒಳಗೆ ಕಾಲಿಟ್ಟ ಕೂಡಲೇ ಅತಿಯಾಯಿತು ಅನ್ನಿಸುತ್ತದೆ. ಹಳದಿ, ಕೆನೆ, ಹಸಿರು, ಕನ್ನಡಿ, ಕಂಬದ ಮೇಲೆಲ್ಲ ಆಡುವ ಮಕ್ಕಳ ಉಬ್ಬುಚಿತ್ರ. ಮದುವೆ ಛತ್ರದ ಸ್ಟೇಜಿಗೆ ಹೆದರದ ಕನ್ನಡಿಗನೂ ಒಂದು ಕ್ಷಣ ಹಿಂಜರಿಯುವಷ್ಟು ಅಲಂಕಾರ. ಆದರೆ ಆ ಆಡಂಬರದ ಒಳಗೆ ಅಡುಗೆಮನೆಯ ವಿವೇಕವೊಂದಿದೆ. ಪಿಂಗಾಣಿಗೆ ಬೆಂಕಿ ಹತ್ತುವುದಿಲ್ಲ, ಸಾರಿನ ಕಲೆ ಹಿಡಿಯುವುದಿಲ್ಲ, ಗ್ಯಾಸ್ ದೀಪದ ಮಸಿ ಕೂತರೆ ಒದ್ದೆ ಬಟ್ಟೆಯಲ್ಲಿ ಒರೆಸಬಹುದು. ಇಡೀ ಕೋಣೆಯನ್ನೇ ತೊಳೆದಿಡಬಹುದು, ಊಟದ ತಟ್ಟೆಯ ಹಾಗೆ. ಗೋಡೆಯ ಮೇಲಂಚಿನ ಸುತ್ತ ಬೈಬಲ್ಲಿನ ‘ಪ್ರಸಂಗಿ’ ಪುಸ್ತಕದ ಮಾತೊಂದನ್ನು ದೊಡ್ಡ ಅಕ್ಷರಗಳಲ್ಲಿ ಬರೆಸಿದ್ದಾರೆ. ದುಡಿದವನು ಉಂಡು ಸುಖಪಡುವುದನ್ನು ಹೊಗಳುವ ಮಾತು ಅದು. ಧರ್ಮಗ್ರಂಥದಿಂದ ಇಂಥ ಸಾಲನ್ನೇ ಹೆಕ್ಕಿ ತೆಗೆದವರ ಜಾಣತನ ಮೆಚ್ಚಬೇಕು.

ಪಕ್ಕದ ಹಸಿರು ಕೋಣೆಯನ್ನು ಕೋಲ್ ವಹಿಸಿದ್ದು ಶುರುವಾಗಿ ನಾಲ್ಕೈದು ವರ್ಷವಾಗಿದ್ದ ಒಂದು ಸಣ್ಣ ಸಂಸ್ಥೆಗೆ. ಅದರ ಮುಂದಾಳು ವಿಲಿಯಂ ಮಾರಿಸ್, ಆಗಿನ್ನೂ ಮೂವತ್ತರ ಆಸುಪಾಸಿನ ಯುವಕ. ಮುಂದೆ ಮನೆಮನೆಯ ಪರದೆ, ಗೋಡೆಕಾಗದ, ಮೊಬೈಲ್ ಕವರಿನವರೆಗೂ ಹಬ್ಬಿದ ಹೆಸರು. ಆಗ ಅಷ್ಟಾಗಿ ಯಾರಿಗೂ ಗೊತ್ತಿರಲಿಲ್ಲ. ಸರ್ಕಾರಿ ಕೆಲಸವನ್ನು ಹೀಗೆ ಹೊಸಬರ ಕೈಗೆ ಕೊಡುವ ಧೈರ್ಯ ಇವತ್ತಿನ ಟೆಂಡರು ಪದ್ಧತಿಯಲ್ಲಿ ಊಹಿಸಲೂ ಆಗದು. ಕೋಣೆಯ ರಚನೆ ಬಹುಪಾಲು ಅದೇ ಸಂಸ್ಥೆಯ ಫಿಲಿಪ್ ವೆಬ್‌ನದು, ಬಂಗಾರದ ಹಿನ್ನೆಲೆಯ ಚಿತ್ರಫಲಕಗಳು ಎಡ್ವರ್ಡ್ ಬರ್ನ್-ಜೋನ್ಸ್‌ನವು. ಗೋಡೆಯ ತುಂಬ ಉಬ್ಬಿ ನಿಂತ ಆಲಿವ್ ಕೊಂಬೆಗಳು. ಅವುಗಳ ಮೇಲೆ ಸಾಲಾಗಿ ನಾಯಿ ಮೊಲವನ್ನು ಅಟ್ಟುತ್ತಾ ಓಡುವ ಪಟ್ಟಿ. ಆ ಕಾಲದ ಮೊದಲ ದರ್ಜೆಯ ಊಟದ ಪಟ್ಟಿಯಲ್ಲಿ ಜಾಡಿಯಲ್ಲಿಟ್ಟು ಬೇಯಿಸಿದ ಮೊಲದ ಮಾಂಸವೂ ಇತ್ತು. ಗೋಡೆಯ ಮೇಲೆ ಓಡುವುದು ಕೆಳಗೆ ತಟ್ಟೆಗೆ ಬಂದು ಬೀಳುತ್ತಿತ್ತು.

(ಗೋಡೆಯ ಆ ಪಟ್ಟಿಯನ್ನು ನೋಡುವಾಗ ನನಗೆ ಆತಕೂರಿನ ಕಾಳಿ ನೆನಪಾಯಿತು. ಹತ್ತನೇ ಶತಮಾನದಲ್ಲಿ ಕಾಡುಹಂದಿಯೊಂದಿಗೆ ಹೋರಾಡಿ ಸತ್ತ ಆ ನಾಯಿಗೆ ಒಂದು ವೀರಗಲ್ಲೇ ಇದೆ, ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದ ಪಾಲಾಗಿದೆ. ನಮ್ಮ ಬೇಟೆನಾಯಿಗೆ ಶಾಸನದಲ್ಲಿ ಹೆಸರಾದರೂ ಉಳಿದಿದೆ. ಲಂಡನ್ನಿನ ನಾಯಿಗಳು ಬರೀ ಓಡುತ್ತವೆ.)

ಮೂರನೆಯದು ಪಾಯಿಂಟರ್ ಕೋಣೆ. ನೀಲಿ ಬಿಳುಪಿನ ಹೆಂಚುಗಳಿಂದಾಗಿ ಡಚ್ ಅಡುಗೆಮನೆ ಎಂದೂ ಕರೆಯುತ್ತಿದ್ದರು. ನನಗೆ ಮೂರರಲ್ಲಿ ಇದೇ ಹೆಚ್ಚು ಇಷ್ಟ. ಒಂದು ಬದಿಗೆ ಕಬ್ಬಿಣ ಮತ್ತು ಹಿತ್ತಾಳೆಯ ಭಾರೀ ಒಲೆ ಈಗಲೂ ನಿಂತಿದೆ. ಕೋಣೆಯ ವಿನ್ಯಾಸಕಾರ ಎಡ್ವರ್ಡ್ ಪಾಯಿಂಟರ್ ಅದಕ್ಕೂ ವಿನ್ಯಾಸ ಬರೆದ. ಗಿರಾಕಿಯ ಕಣ್ಣೆದುರೇ ಅದರ ಮೇಲೆ ಮಾಂಸದ ತುಂಡುಗಳನ್ನು ಸುಟ್ಟು ಬಡಿಸುತ್ತಿದ್ದರು. ‘ಓಪನ್ ಕಿಚನ್’ ಎಂದು ಇಂದಿನ ಹೋಟೆಲುಗಳು ಬೋರ್ಡು ಹಾಕಿಕೊಳ್ಳುವುದು ಹೊಸದೇನೂ ಅಲ್ಲ. ಗೋಡೆಯ ಹೆಂಚುಗಳಲ್ಲಿ ಋತುಗಳು, ತಿಂಗಳುಗಳು ಹೆಣ್ಣುರೂಪದಲ್ಲಿ ನಿಂತಿವೆ. ಆ ಹೆಂಚುಗಳನ್ನು ಬರೆದವರೂ ಹೆಣ್ಣುಮಕ್ಕಳೇ, ಮ್ಯೂಸಿಯಂಗೆ ಸೇರಿದ ಕಲಾಶಾಲೆಯ ವಿದ್ಯಾರ್ಥಿನಿಯರು. ಸಾರ್ವಜನಿಕ ಕಟ್ಟಡವೊಂದರ ಅಲಂಕಾರವನ್ನು ಹೆಂಗಸರ ಕೈಗೆ ಕೊಡುವುದು ಆಗ ಅಪರೂಪ. ಕೊಟ್ಟರು, ಸರಿ. ಕೋಣೆಗೆ ಹೆಸರು ಬಂದದ್ದು ಮಾತ್ರ ಪಾಯಿಂಟರ್‌ದು.

ಇಷ್ಟು ಹೊತ್ತು ಗೋಡೆ ನೋಡಿದ್ದಾಯಿತು. ಈಗ ಕುರ್ಚಿಯ ಮೇಲೆ ಯಾರು ಕೂರುತ್ತಿದ್ದರು ಎಂದು ನೋಡಬೇಕು. ರೈಲಿನ ಹಾಗೆ ಇಲ್ಲೂ ದರ್ಜೆಗಳಿದ್ದವು. ಮೊದಲ ದರ್ಜೆಯವರಿಗೆ ಒಂದು ಪಟ್ಟಿ, ಎರಡನೆಯವರಿಗೆ ಇನ್ನೊಂದು. ಎರಡನೆಯದರಲ್ಲಿ ಕರುವಿನ ಮಾಂಸದ ಕಟ್ಲೆಟ್, ಪಾಲಕ್ ಸೊಪ್ಪಿನ ಜೊತೆ ನೀರಲ್ಲಿ ಬೇಯಿಸಿದ ಮೊಟ್ಟೆ, ಬನ್ನು ಇಂಥವು. ಅದರ ಕೆಳಗೆ ಮೂರನೇ ದರ್ಜೆ: ಮ್ಯೂಸಿಯಂ ಕಟ್ಟಡದ ಕೆಲಸಗಾರರಿಗೆ, ಹಾಗೆಯೇ ನೋಡಲು ಬಂದ ತೀರಾ ಬಡವರಿಗೆ. ಎಲ್ಲರಿಗೂ ಕಲೆ ಎಂದು ಸಾರಿದ ಕಟ್ಟಡದಲ್ಲಿ ರಾಫೆಲ್‌ನ ಚಿತ್ರದ ಮುಂದೆ ಹಮಾಲಿಯೂ ಲಾರ್ಡನೂ ಹೆಗಲಿಗೆ ಹೆಗಲು ತಾಗಿಸಿ ನಿಲ್ಲಬಹುದಿತ್ತು, ಊಟಕ್ಕೆ ಕೂರುವಾಗ ಮಾತ್ರ ಬೇರೆ ಬೇರೆ. ಪಂಕ್ತಿಭೇದದ ಸುದೀರ್ಘ ಚರಿತ್ರೆಯಿರುವ ನಾಡಿನಿಂದ ಹೋದ ನಮಗೆ ಇದನ್ನು ಕಂಡು ಬೀಗುವ ಹಕ್ಕಿಲ್ಲ. ಆದರೆ ಅರ್ಥ ಮಾಡಿಕೊಳ್ಳುವ ಅನುಕೂಲ ಇದೆ: ಒಂದು ಸಂಸ್ಥೆ ನಿನ್ನನ್ನು ನಿಜಕ್ಕೂ ಯಾರೆಂದು ಭಾವಿಸಿದೆ ಎಂಬುದು ಅದರ ಭಾಷಣದಲ್ಲಿ ಅಲ್ಲ, ಎಲೆ ಹಾಕಿದ ಜಾಗದಲ್ಲಿ ಗೊತ್ತಾಗುತ್ತದೆ. ಮ್ಯೂಸಿಯಂ ಊಟದ ಕೋಣೆಗಳನ್ನು ನಾನು ಕುತೂಹಲದಿಂದ ನೋಡಲು ಶುರುಮಾಡಿದ್ದು ಈ ಕಾರಣಕ್ಕೇ. ಗ್ಯಾಲರಿಯಲ್ಲಿ ಪ್ರತಿ ಮಾತನ್ನೂ ತೂಗಿ ಬರೆದಿರುತ್ತಾರೆ. ಊಟದ ಕೋಣೆಯಲ್ಲಿ ಸಂಸ್ಥೆ ಅಷ್ಟು ಎಚ್ಚರವಾಗಿರುವುದಿಲ್ಲ.

ವಿ ಅಂಡ್ ಎಗೆ ಹೋಗುವ ಕನ್ನಡಿಗರಿಗೆ ಊಟಕ್ಕೆ ಮುಂಚೆ ಒಂದು ಹಾಜರಿ ಕಡ್ಡಾಯ. ಟಿಪ್ಪುವಿನ ಹುಲಿ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಈಸ್ಟ್ ಇಂಡಿಯಾ ಕಂಪನಿಯವರು ಹೊತ್ತೊಯ್ದ ಮರದ ಹುಲಿ. ಬಿಳಿಯ ಸಿಪಾಯಿಯ ಗಂಟಲಿಗೆ ಬಾಯಿ ಹಾಕಿದೆ, ಹೊಟ್ಟೆಯೊಳಗೆ ಆರ್ಗನ್ ವಾದ್ಯವಿದೆ, ಹಿಡಿ ತಿರುಗಿಸಿದರೆ ಹುಲಿ ಗುರುಗುಟ್ಟುತ್ತದೆ, ಮನುಷ್ಯ ನರಳುತ್ತಾನೆ. ಮೊದಲು ಅದು ಲೆಡನ್‌ಹಾಲ್ ಬೀದಿಯ ಕಂಪನಿ ಕಚೇರಿಯಲ್ಲಿತ್ತು. ಅಲ್ಲಿಗೆ ಬಂದವರೆಲ್ಲ ಹಿಡಿ ತಿರುಗಿಸಿ ತಿರುಗಿಸಿ, ಗ್ರಂಥಾಲಯದಲ್ಲಿ ಓದುತ್ತಿದ್ದ ವಿದ್ವಾಂಸರ ನೆಮ್ಮದಿ ಕೆಡಿಸುತ್ತಿದ್ದರಂತೆ. ಸೌತ್ ಕೆನ್ಸಿಂಗ್ಟನ್‌ಗೆ ಬಂದದ್ದು 1880ರ ಸುಮಾರಿಗೆ. ಎರಡನೇ ಮಹಾಯುದ್ಧದಲ್ಲಿ ಬಾಂಬ್ ದಾಳಿಗೆ ಚಾವಣಿ ಕುಸಿದು ತುಂಡಾಯಿತು, ಮತ್ತೆ ಕೂಡಿಸಿದರು.

ಹುಲಿಯ ಗಾಜಿನ ಪೆಟ್ಟಿಗೆಯ ಮುಂದೆ ಒಮ್ಮೆ ಮಂಡ್ಯ ಕಡೆಯ ತಾಯಿ ಮಗ ಸಿಕ್ಕಿದ್ದರು. ಮಗ ಅಲ್ಲೇ ಲಂಡನ್ನಿನ ಹೊರವಲಯದಲ್ಲಿ ಕೆಲಸದಲ್ಲಿದ್ದವ. ತಾಯಿ ಸೀರೆಯ ಮೇಲೆ ಜಾಕೆಟ್ಟು ತೊಟ್ಟು, ಕಾಲಿಗೆ ಮಗನ ಹಳೇ ಬೂಟು ಹಾಕಿಕೊಂಡಿದ್ದರು. ನನ್ನ ಕನ್ನಡ ಕೇಳಿದ್ದೇ ತಡ, “ನೀವ್ಯಾವೂರ್ನೋರು?” ಅಂದರು. ಮಾತು ಹತ್ತಿ ಮೂವರೂ ಊಟದ ಕೋಣೆಯತ್ತ ನಡೆದೆವು. ಕೌಂಟರಿನ ಮೇಲೆ ಸೂಪು, ತರಕಾರಿ ಸಲಾಡು, ಕೇಕು, ಬೆಣ್ಣೆಯಂಥ ಗಟ್ಟಿ ಕೆನೆ ಮತ್ತು ಜಾಮಿನ ಜೊತೆ ಸ್ಕೋನ್. ಪ್ರತಿಯೊಂದರ ಮುಂದೆ ಬೆಲೆಯ ಚೀಟಿ. ಮಗ ಮನಸ್ಸಿನಲ್ಲೇ ನೂರರಿಂದ ಗುಣಿಸಿ ತಾಯಿಗೆ ಹೇಳಿದ. ಆಕೆ ಒಂದು ಗಳಿಗೆ ಸುಮ್ಮನಿದ್ದು, “ಅಲ್ಲ ಕಣಪ್ಪ, ಹುಲಿ ನಮ್ದು, ಊಟಕ್ಕೂ ದುಡ್ಡು ನಾವೇ ಕೊಡ್ಬೇಕಾ?” ಅಂದರು. ಹಿಂದಿನ ಸಾಲಿನಲ್ಲಿದ್ದ ಇಂಗ್ಲಿಷ್ ಹೆಂಗಸಿಗೆ ನಾವೇಕೆ ಅಷ್ಟು ನಗುತ್ತಿದ್ದೇವೆಂದು ಗೊತ್ತಾಗಲಿಲ್ಲ, ನಾವೂ ಅನುವಾದಿಸಲಿಲ್ಲ.

ಕೊನೆಗೆ ಟೀ ಮಾತ್ರ ತೆಗೆದುಕೊಂಡು ನಡುವಿನ ಅಂಗಳಕ್ಕೆ ಹೋದೆವು. ಅಲ್ಲಿ ಮೊಟ್ಟೆಯಾಕಾರದ ತೆಳು ನೀರಿನ ಕೊಳವಿದೆ, ಬಿಸಿಲು ಬಂದರೆ ಮಕ್ಕಳು ಅದರೊಳಗೇ ಇರುತ್ತಾರೆ. ಸುತ್ತ ಹುಲ್ಲಿನ ಮೇಲೆ ಜನ ತಾವು ತಂದ ಸ್ಯಾಂಡ್‌ವಿಚ್ ಬಿಚ್ಚಿಕೊಂಡಿದ್ದರು. ತಾಯಿಯ ಚೀಲದಿಂದ ಸುತ್ತಿದ ಚಪಾತಿ, ಹುಚ್ಚೆಳ್ಳು ಚಟ್ನಿಪುಡಿ ಹೊರಬಂದವು. ನನ್ನ ಪಾಲಿಗೆ ಆ ಮ್ಯೂಸಿಯಂನಲ್ಲಿ ಸಿಕ್ಕ ಒಳ್ಳೆಯ ಊಟ ಅದೇ.

ಹಾಗೆಂದು ಎಲ್ಲಿ ಬೇಕಾದರೂ ಬುತ್ತಿ ಬಿಚ್ಚಬಹುದು ಎಂದಲ್ಲ. ‘ತಿಂಡಿ ತಿನಿಸು ತರಬಾರದು’ ಎಂಬ ಬೋರ್ಡಿನ ಹಿಂದೆ ಬರೀ ಅಧಿಕಾರಶಾಹಿಯ ಮೊಂಡುತನ ಇರುವುದಿಲ್ಲ. ಚಪಾತಿಯ ಒಂದು ಚೂರು ನೆಲಕ್ಕೆ ಬಿದ್ದರೆ ಇರುವೆ ಬರುತ್ತದೆ, ಇಲಿ ಬರುತ್ತದೆ. ಇಲಿ ಬಿಟ್ಟುಹೋದ ಕೂದಲು, ಸತ್ತ ಹುಳು, ಧೂಳು ಇವನ್ನೇ ತಿಂದು ಕಾರ್ಪೆಟ್ ಜೀರುಂಡೆಯ ಮರಿಗಳು ಬೆಳೆಯುತ್ತವೆ. ಅವಕ್ಕೆ ಉಣ್ಣೆ, ರೇಷ್ಮೆ, ಗರಿ, ಚರ್ಮ ಯಾವುದಾದರೂ ಸೈ. ಮುನ್ನೂರು ವರ್ಷದ ಶಾಲಿಗೆ ತೂತು ಬೀಳಲು ಒಂದು ಬೇಸಿಗೆ ಸಾಕು. ಇನ್ನು ಅಡುಗೆಯ ಹಬೆ ಗಾಳಿಯ ತೇವವನ್ನು ಏರಿಳಿಸುತ್ತದೆ, ಅದರಿಂದ ಮರ ಬಾಗುತ್ತದೆ, ಬಣ್ಣದ ಪದರ ಸಿಪ್ಪೆಯೇಳುತ್ತದೆ. ಎಣ್ಣೆಯ ಜಿಡ್ಡು ಗಾಳಿಯಲ್ಲಿ ತೇಲಿ ಕ್ಯಾನ್ವಾಸಿನ ಮೇಲೆ ಕೂರುತ್ತದೆ. ಆದ್ದರಿಂದ ಇಂದಿನ ಮ್ಯೂಸಿಯಂಗಳು ಅಡುಗೆಮನೆಗೆ ಬೇರೆಯೇ ಗಾಳಿಕೊಳವೆ ಹಾಕಿಸುತ್ತವೆ, ಊಟದ ಜಾಗಕ್ಕೂ ಗ್ಯಾಲರಿಗೂ ನಡುವೆ ಬಾಗಿಲುಗಳನ್ನಿಡುತ್ತವೆ, ಮೂಲೆಮೂಲೆಯಲ್ಲಿ ಅಂಟುಬಲೆ ಇಟ್ಟು ಎಷ್ಟು ಹುಳು ಬಿದ್ದವು ಎಂದು ಎಣಿಸುತ್ತವೆ. ಕೋಲ್ ಕಾಲದ ತೊಳೆಯಬಲ್ಲ ಪಿಂಗಾಣಿ ಗೋಡೆ ಈ ಚಿಂತೆಯ ಮೊದಲ ಉತ್ತರ.

ಮಜವೆಂದರೆ, ದುಡಿಯುವವರಿಗಾಗಿ ಕೋಲ್ ಇಷ್ಟೆಲ್ಲ ಮಾಡಿದರೂ ಆಗ ಮ್ಯೂಸಿಯಂಗೆ ಭಾನುವಾರ ಬೀಗ. ದುಡಿಯುವವನಿಗೆ ರಜೆ ಇದ್ದದ್ದು ಅದೊಂದೇ ದಿನ. ಆ ದಿನ ಚರ್ಚು ಬಿಟ್ಟು ಬೇರೇನೂ ತೆರೆದಿರಬಾರದು ಎಂಬ ಧಾರ್ಮಿಕ ಗುಂಪುಗಳ ಹಟಕ್ಕೆ ಸಂಸತ್ತು ದಶಕಗಟ್ಟಲೆ ಮಣಿಯಿತು. ಲಂಡನ್ನಿನ ರಾಷ್ಟ್ರೀಯ ಮ್ಯೂಸಿಯಂಗಳು ಭಾನುವಾರ ತೆರೆದದ್ದು 1896ರಲ್ಲಿ. ಅಷ್ಟು ಹೊತ್ತಿಗೆ ಕೋಲ್ ಸತ್ತು ಹದಿನಾಲ್ಕು ವರ್ಷವಾಗಿತ್ತು. ಅದರ ಹಿಂದಿನ ವರ್ಷವಷ್ಟೇ ಗೈ ಬೆರಿಂಜರ್ ಎಂಬ ಇಂಗ್ಲಿಷ್ ಲೇಖಕ ಪತ್ರಿಕೆಯೊಂದರಲ್ಲಿ ಭಾನುವಾರದ ಬ್ರಂಚ್ ಪರವಾಗಿ ವಾದ ಹೂಡಿದ್ದ. ಚರ್ಚಿನಿಂದ ಬಂದು ಭಾರೀ ಮಾಂಸದೂಟ ಮಾಡುವ ಬದಲು, ತಡವಾಗಿ ಎದ್ದು ಮಧ್ಯಾಹ್ನದ ಹೊತ್ತಿಗೆ ಟೀ, ಮಾರ್ಮಲೇಡ್‌ನಿಂದ ಶುರುಮಾಡಿ ನಿಧಾನಕ್ಕೆ ಊಟಕ್ಕೆ ಜಾರಿಕೊಳ್ಳಬೇಕು. ಶನಿವಾರ ರಾತ್ರಿ ಕುಡಿದು ತಡವಾಗಿ ಮಲಗಿದವರಿಗೂ ಅದು ಹಿತ ಎಂದು. ಬ್ರಂಚಿಗೂ ಭಾನುವಾರದ ಮ್ಯೂಸಿಯಂಗೂ ಒಂದೇ ವರ್ಷದ ಅಂತರ. ಇವತ್ತು ಹನ್ನೊಂದೂವರೆಗೆ ಮ್ಯೂಸಿಯಂ ಕೆಫೆಯಲ್ಲಿ ಮೊಟ್ಟೆ ಟೋಸ್ಟು ಹಿಡಿದು ಕೂತವರಿಗೆ ಇವೆರಡಕ್ಕಾಗಿಯೂ ಒಮ್ಮೆ ಜಗಳ ನಡೆದಿತ್ತೆಂಬ ನೆನಪೂ ಇಲ್ಲ.

ಮೂರು ಕೋಣೆಗಳು 1939ರವರೆಗೆ ಊಟ ಬಡಿಸಿ, ಆಮೇಲೆ ಸುಮ್ಮನಾದವು. ಮತ್ತೆ ಊಟದ ಕೋಣೆಗಳಾಗಿ ತೆರೆದದ್ದು 2006ರಲ್ಲಿ. ನಡುವೆ, 1988ರಲ್ಲಿ, ಸಾಚಿ ಅಂಡ್ ಸಾಚಿ ಜಾಹೀರಾತು ಕಂಪನಿ ವಿ ಅಂಡ್ ಎಗಾಗಿ ಪೋಸ್ಟರುಗಳನ್ನು ಮಾಡಿತು. ಅವುಗಳ ಸಾರಾಂಶ: ಇದೊಂದು ಸೊಗಸಾದ ಕೆಫೆ, ಜೊತೆಗೊಂದು ಪರವಾಗಿಲ್ಲ ಅನ್ನಬಹುದಾದ ಮ್ಯೂಸಿಯಂ ಕೂಡ ಇದೆ. ವಿದ್ವಾಂಸರು ಕೆರಳಿದರು. ಕಲೆಯನ್ನು ಕಾಫಿಗೆ ಅಡವಿಟ್ಟರು ಎಂದು ಬೈದರು. ನನಗೆ ಆ ಜಾಹೀರಾತಿನಲ್ಲಿ ತಪ್ಪು ಕಾಣುವುದಿಲ್ಲ. ಸರ್ಕಾರ ಅನುದಾನ ಬಿಗಿ ಮಾಡಿದ್ದ ಕಾಲ; ಮ್ಯೂಸಿಯಂ ಬಾಗಿಲಲ್ಲಿ ಐಚ್ಛಿಕ ಕಾಣಿಕೆ ಕೇಳಿ, ಆಮೇಲೆ ಟಿಕೆಟ್ಟನ್ನೂ ಇಟ್ಟಿತು. 2001ರ ನವೆಂಬರಿನಿಂದ ಮತ್ತೆ ಪ್ರವೇಶ ಉಚಿತ. ಉಚಿತವಾಗಿ ಒಳಬಿಟ್ಟವರಿಂದ ಸ್ಕೋನ್, ಟೀ, ಕೀಚೈನುಗಳ ಮೂಲಕ ಒಂದಷ್ಟು ವಾಪಸು ಪಡೆಯುವುದು ಈಗಿನ ರೂಢಿ. ಬೇಡವೆನ್ನುವವನು ಕೊಳ್ಳದೆ ಹೋಗಬಹುದು. ಟಿಕೆಟ್ಟಿಗೆ ಆ ಸ್ವಾತಂತ್ರ್ಯ ಇಲ್ಲ.

ಗೋಡೆಯಲ್ಲಿ ಮೊಲ ಓಡಿದರೆ ಚೆಂದ. ಮನುಷ್ಯ ಓಡಿದರೆ? ಥೇಮ್ಸ್ ನದಿಯ ದಂಡೆಯ ಟೇಟ್ ಗ್ಯಾಲರಿಯ ಉಪಾಹಾರ ಕೋಣೆಗೆ 1926-27ರಲ್ಲಿ ರೆಕ್ಸ್ ವಿಸ್ಲರ್ ಎಂಬ ಇಪ್ಪತ್ತರ ಆಚೀಚಿನ ಕಲಾವಿದ ನಾಲ್ಕೂ ಗೋಡೆ ತುಂಬುವ ಚಿತ್ರ ಬರೆದ. ಅಪರೂಪದ ಮಾಂಸ ಹುಡುಕಿಕೊಂಡು ಲೋಕ ಸುತ್ತುವ ಬೇಟೆಗಾರರ ಕಾಲ್ಪನಿಕ ಯಾತ್ರೆ. ಮರುವರ್ಷವೇ ಥೇಮ್ಸ್ ಉಕ್ಕಿ ಕೋಣೆಗೆ ನೀರು ನುಗ್ಗಿದರೂ ಚಿತ್ರ ಉಳಿಯಿತು. ಯುರೋಪಿನಲ್ಲೇ ಅತ್ಯಂತ ತಮಾಷೆಯ ಕೋಣೆ ಎಂದು ಹೆಸರಾಯಿತು. ಮುಂದೆ ಅಲ್ಲಿ ಒಳ್ಳೆಯ ವೈನು, ಒಳ್ಳೆಯ ಊಟ. ಆದರೆ ಚಿತ್ರದ ಒಂದು ಮೂಲೆಯಲ್ಲಿ ಕಪ್ಪು ಹುಡುಗನೊಬ್ಬನನ್ನು ಹಗ್ಗ ಕಟ್ಟಿ ಎಳೆದೊಯ್ಯುತ್ತಿದ್ದಾರೆ. ಇನ್ನೊಂದೆಡೆ ಚೀನೀಯರ ವಿಕಾರ ಚಿತ್ರಣ. ದಶಕಗಳ ಕಾಲ ಆ ಗೋಡೆಯ ಕೆಳಗೆ ಜನ ಮೀನು ಕತ್ತರಿಸಿ ತಿಂದರು. ಕಣ್ಣಿಗೆ ಬೀಳದೆ ಅಲ್ಲ, ಬಿದ್ದರೂ ಊಟ ಕೆಡಿಸುವಷ್ಟು ಮುಖ್ಯ ಅನ್ನಿಸಲಿಲ್ಲ. 2020ರಲ್ಲಿ ಕೊರೋನಾದಿಂದ ಬಾಗಿಲು ಹಾಕಿದಾಗಲೇ ಟೇಟ್‌ನ ನೀತಿ ಸಮಿತಿ ಚಿತ್ರ ಆಕ್ಷೇಪಾರ್ಹ ಎಂದಿತು. ಕಟ್ಟಡ ಸಂರಕ್ಷಿತ, ಚಿತ್ರ ಅಳಿಸುವಂತಿಲ್ಲ. 2022ರಲ್ಲಿ ಇನ್ನು ಅಲ್ಲಿ ಊಟವಿಲ್ಲ ಎಂದು ತೀರ್ಮಾನವಾಯಿತು. 2024ರಲ್ಲಿ ಅದೇ ಕೋಣೆಗೆ ಕೀತ್ ಪೈಪರ್ ಎಂಬ ಕಲಾವಿದನ ಚಲನಚಿತ್ರ ಕೃತಿ ಬಂತು. ವಿದ್ವಾಂಸೆಯೊಬ್ಬಳು ವಿಸ್ಲರ್‌ನನ್ನು ಕೂರಿಸಿಕೊಂಡು ಪ್ರಶ್ನೆ ಕೇಳುವ ಕಲ್ಪಿತ ಸಂಭಾಷಣೆ. ಮೇಜು ಎತ್ತಿದ ಮೇಲೆ ಗೋಡೆ ಕಂಡಿತು.

ಇದಕ್ಕೆ ತದ್ವಿರುದ್ಧ ಕತೆಯೂ ಟೇಟ್ ಬಳಗದಲ್ಲೇ ಇದೆ. ಚಿತ್ರಕಾರ ಮಾರ್ಕ್ ರೋಥ್ಕೊ 1958ರಲ್ಲಿ ನ್ಯೂಯಾರ್ಕಿನ ಸೀಗ್ರಾಂ ಕಟ್ಟಡದ ಫೋರ್ ಸೀಸನ್ಸ್ ಎಂಬ ದುಬಾರಿ ರೆಸ್ಟೊರೆಂಟಿಗಾಗಿ ಕಡುಗೆಂಪು, ಕಪ್ಪಿನ ದೈತ್ಯ ಚಿತ್ರಗಳನ್ನು ಬರೆಯಲು ಒಪ್ಪಿಕೊಂಡ. ಆ ಹೋಟೆಲಿನಲ್ಲಿ ಒಮ್ಮೆ ಹೆಂಡತಿಯ ಜೊತೆ ಕೂತು ಊಟ ಮಾಡಿ ಬಂದವನು, ಇಂಥ ಬೆಲೆ ಕೊಟ್ಟು ತಿನ್ನುವವರು ತನ್ನ ಚಿತ್ರ ನೋಡುವುದು ಬೇಡ ಎಂದು ಹಣ ಹಿಂದಿರುಗಿಸಿದ. ಅವುಗಳಲ್ಲಿ ಒಂಬತ್ತನ್ನು ಟೇಟ್‌ಗೆ ಕೊಟ್ಟ. ಚಿತ್ರಗಳು ಲಂಡನ್ ತಲುಪಿದ್ದು 1970ರ ಫೆಬ್ರವರಿ 25ರಂದು, ಆತ ನ್ಯೂಯಾರ್ಕಿನಲ್ಲಿ ಪ್ರಾಣ ಬಿಟ್ಟ ದಿನವೇ. ಊಟದ ಕೋಣೆಗೆಂದು ಹುಟ್ಟಿದವು ಕುರ್ಚಿ ಮೇಜಿಲ್ಲದ ಕೋಣೆ ಸೇರಿದವು.

ಊಟವನ್ನೇ ಪ್ರದರ್ಶನ ವಸ್ತುವಾಗಿ ಗಂಭೀರವಾಗಿ ತೆಗೆದುಕೊಂಡದ್ದು ವಾಷಿಂಗ್ಟನ್. ಅಮೆರಿಕದ ಮೂಲನಿವಾಸಿಗಳ ರಾಷ್ಟ್ರೀಯ ಮ್ಯೂಸಿಯಂ 2004ರಲ್ಲಿ ತೆರೆದಾಗ ಅದರ ಮಿಟ್ಸಿಟಾಮ್ ಕೆಫೆಯೂ ಜೊತೆಗೇ ತೆರೆಯಿತು. ಅಲ್ಲಿ ಒಂದೊಂದು ಕೌಂಟರೂ ಒಂದೊಂದು ಸೀಮೆಯದು: ವಾಯವ್ಯ ಕರಾವಳಿಯ ಸಾಲ್ಮನ್ ಮೀನು, ಬಯಲುಸೀಮೆಯ ಕಾಡೆಮ್ಮೆ ಮಾಂಸ, ದಕ್ಷಿಣದ ಮುಸುಕಿನ ಜೋಳ ಮತ್ತು ಬೀನ್ಸ್. ಎಣ್ಣೆಯಲ್ಲಿ ಕರಿದ ಫ್ರೈ ಬ್ರೆಡ್ ಕೂಡ ಸಿಗುತ್ತದೆ. ನೋಡಲು ನಮ್ಮ ಬಟೂರದ ತಮ್ಮ. ತಾಯ್ನೆಲದಿಂದ ಅಟ್ಟಿಸಿಕೊಂಡು ಬಂದ ಜನಕ್ಕೆ ಸರ್ಕಾರ ಪಡಿಯಾಗಿ ಕೊಟ್ಟ ಮೈದಾ, ಹಂದಿಕೊಬ್ಬು, ಸಕ್ಕರೆಯಿಂದ ಹುಟ್ಟಿದ ತಿಂಡಿ ಅದು. ಹಬ್ಬದ ತಿಂಡಿಯೂ ಹೌದು, ಗಾಯದ ಗುರುತೂ ಹೌದು; ಅದರ ಬಗ್ಗೆ ಮೂಲನಿವಾಸಿಗಳಲ್ಲೇ ವಾದಗಳಿವೆ. 2016ರಲ್ಲಿ ತೆರೆದ ಆಫ್ರಿಕನ್ ಅಮೆರಿಕನ್ ಮ್ಯೂಸಿಯಂನ ಕೆಳಗಿನ ಸ್ವೀಟ್ ಹೋಮ್ ಕೆಫೆ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಅಲ್ಲಿನ ಗೋಡೆಯಲ್ಲಿ ಗ್ರೀನ್ಸ್‌ಬರೋದ ವಿದ್ಯಾರ್ಥಿಗಳ ಚಿತ್ರ. 1960ರ ಫೆಬ್ರವರಿ 1ರಂದು ನಾಲ್ವರು ಕಪ್ಪು ಹುಡುಗರು ವುಲ್‌ವರ್ತ್ ಅಂಗಡಿಯ ಬಿಳಿಯರ ಊಟದ ಕೌಂಟರಿನಲ್ಲಿ ಕೂತರು. ಕಾಫಿ ಕೊಡಲಿಲ್ಲ, ಇವರು ಏಳಲಿಲ್ಲ. ಜುಲೈ ಕೊನೆಗೆ ಅಂಗಡಿ ಸೋತಿತು. ಆ ಕೌಂಟರಿನ ಒಂದು ಭಾಗ ಹತ್ತಿರದ ಅಮೆರಿಕನ್ ಇತಿಹಾಸ ಮ್ಯೂಸಿಯಂನಲ್ಲಿ ಕುರ್ಚಿಗಳ ಸಮೇತ ಇದೆ. ಸೌತ್ ಕೆನ್ಸಿಂಗ್ಟನ್‌ನ ಮೊದಲ, ಎರಡನೇ, ಮೂರನೇ ದರ್ಜೆಗಳಿಂದ ಇಲ್ಲಿಗೆ ಬರಲು ನೂರೈವತ್ತು ವರ್ಷ ಬೇಕಾಯಿತು.

ನಮ್ಮಲ್ಲಿ? ದೆಹಲಿಯ ಕರಕುಶಲ ಮ್ಯೂಸಿಯಂನ ಕೆಫೆ ಲೋಟಾ 2013ರಿಂದ ಪ್ರಾದೇಶಿಕ ತಿಂಡಿಗಳಿಗೇ ಹೆಸರು ಮಾಡಿದೆ. ಊಟಕ್ಕಾಗಿ ಹೋಗಿ ಆಮೇಲೆ ಮ್ಯೂಸಿಯಂ ನೋಡಿ ಬರುವವರು ಬಹಳ. ಬೆಂಗಳೂರಿನ ಅರಮನೆ ರಸ್ತೆಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ 2009ರಲ್ಲಿ ಮಾಣಿಕ್ಯವೇಲು ಬಂಗಲೆಯಲ್ಲಿ ಶುರುವಾದಾಗಿನಿಂದ ಅದರ ಮರಗಳ ನೆರಳಿಗೆ ಒಂದು ವರ್ಗದ ಓದುಗರು, ಪ್ರೇಮಿಗಳು, ನಿವೃತ್ತರು ಅಂಟಿಕೊಂಡಿದ್ದಾರೆ. ಕಸ್ತೂರ್ಬಾ ರಸ್ತೆಯಲ್ಲಿ 2023ರ ಫೆಬ್ರವರಿಯಲ್ಲಿ ತೆರೆದ ಮ್ಯಾಪ್, ಅಂದರೆ ಕಲೆ ಮತ್ತು ಛಾಯಾಚಿತ್ರ ಮ್ಯೂಸಿಯಂ, ಕೆಫೆ ಮತ್ತು ರೆಸ್ಟೊರೆಂಟುಗಳನ್ನು ಯೋಜನೆಯಲ್ಲೇ ಸೇರಿಸಿಕೊಂಡು ಬಂದದ್ದು. ಚಾವಣಿಯ ಮೇಲೆ ಕೂತರೆ ಕೆಳಗೆ ಕಬ್ಬನ್ ಉದ್ಯಾನದ ಹಸಿರು.

ಅದೇ ರಸ್ತೆಯಲ್ಲಿ ಸರ್ಕಾರಿ ವಸ್ತುಸಂಗ್ರಹಾಲಯ, ವೆಂಕಟಪ್ಪ ಚಿತ್ರಶಾಲೆ, ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ಮ್ಯೂಸಿಯಂ ಸಾಲಾಗಿವೆ. ಡಿಸೆಂಬರು ಬಂತೆಂದರೆ ರಾಜ್ಯದ ಮೂಲೆಮೂಲೆಯಿಂದ ಶಾಲಾ ಪ್ರವಾಸದ ಬಸ್ಸುಗಳು ಅಲ್ಲಿ ಬಂದು ನಿಲ್ಲುತ್ತವೆ. ಮಧ್ಯಾಹ್ನ ಒಂದು ಗಂಟೆಗೆ ಉದ್ಯಾನದ ಮರಗಳ ಕೆಳಗೆ ಚಿತ್ರಾನ್ನ, ಮೊಸರನ್ನ, ಪಲಾವಿನ ಡಬ್ಬಿಗಳು ತೆರೆದುಕೊಳ್ಳುತ್ತವೆ; ದೊಡ್ಡ ಸ್ಟೀಲ್ ಪಾತ್ರೆಯಿಂದ ಮೇಷ್ಟ್ರೇ ಬಡಿಸುತ್ತಿರುತ್ತಾರೆ, “ಯಾರಿಗೋ ಇನ್ನೂ ಬೇಕು?” ಎಂದು ಕೂಗುತ್ತಾ. ಕರ್ನಾಟಕದ ಅತಿ ದೊಡ್ಡ ಮ್ಯೂಸಿಯಂ ಊಟ ಇದೇ ಇರಬೇಕೆಂದು ನನ್ನ ಅಂದಾಜು, ಆದರೆ ಅದು ಯಾವ ಮ್ಯೂಸಿಯಂನ ನಕಾಶೆಯಲ್ಲೂ ಇಲ್ಲ. ಕೈ ತೊಳೆಯಲು ನಲ್ಲಿ ಹುಡುಕಬೇಕು, ಎಂಜಲು ಹಾಕಲು ತೊಟ್ಟಿ ಹುಡುಕಬೇಕು, ಮಳೆ ಬಂದರೆ ಬಸ್ಸಿನೊಳಗೇ ಡಬ್ಬಿ ಮುಚ್ಚಿಕೊಳ್ಳಬೇಕು. ಚಾವಣಿ ಮೇಲಿನ ರೆಸ್ಟೊರೆಂಟಿನ ಬಗ್ಗೆ ನನಗೆ ತಕರಾರಿಲ್ಲ. ಅಲ್ಲಿ ನಾನೂ ಕಾಫಿ ಕುಡಿದಿ‍ದ್ದೇನೆ. ಹೊಸ ವಸ್ತುಸಂಗ್ರಹಾಲಯಗಳ ಯೋಜನಾ ವರದಿ ಬರೆಯುವವರು ಮೊದಲು ಐವತ್ತು ಮಕ್ಕಳು ಒಟ್ಟಿಗೆ ಕೂರುವ ಒಂದು ಹೊದಿಕೆಯ ಪಡಸಾಲೆ, ಸಾಲಾಗಿ ಆರೆಂಟು ನಲ್ಲಿ, ತೊಳೆಯಲು ಬರುವ ಕಡಪಾ ಕಲ್ಲಿನ ಕಟ್ಟೆ ಇವಿಷ್ಟಕ್ಕೆ ದುಡ್ಡು ಬರೆದಿಡಲಿ. ಹೆಂಚಿನ ಚಿತ್ರಗಳನ್ನು ಆಮೇಲೆ ನಮ್ಮ ಕಲಾಶಾಲೆಯ ಹುಡುಗಿಯರಿಂದಲೇ ಬರೆಸಬಹುದು, ಈ ಸಲ ಅವರ ಹೆಸರುಗಳನ್ನೂ ಕೆಳಗೆ ಹಾಕಿ.